ಮೊದಲ ನೀರು

ಬೆಚ್ಚನೆಯ ರೂಮಿನ ಬಾಗಿಲು ತೆಗೆದವಳು ಮೊದಲು ನೋಡಿದ್ದು ತನ್ನ ಟ್ರೇಗಳನ್ನಲ್ಲ, ಕಡ್ಡಿಯ ಟ್ರೇಗಳನ್ನು. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಯಿತು. ಕಪ್ಪು ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಮೊನೆ, ನಡುವೆ ಬರೀ ಮಣ್ಣು. ಒಂದು ಮೂಲೆಯಲ್ಲಂತೂ ಬಿಳಿ ಬೂಷ್ಟು ಹತ್ತಿ ಏನೂ ಮೇಲೆದ್ದಿರಲಿಲ್ಲ. ಆಮೇಲೆ ಕೆಳಗಿನ ಹಲಗೆಯಲ್ಲಿದ್ದ ತನ್ನವನ್ನು ನೋಡಿದಳು. ಮುಸುಕಿನ ಜೋಳದ ಮೊಳಕೆಗಳು ಒಂದೇ ಎತ್ತರಕ್ಕೆ ಎದ್ದು, ಶಾಲೆಯಲ್ಲಿ ಸಾಲು ನಿಂತ ಮಕ್ಕಳ ಹಾಗೆ ನಿಂತಿದ್ದವು. ಒಂದೇ ಚೀಲದ ಬೀಜ, ಒಂದೇ ತೊಟ್ಟಿಯ ಮಣ್ಣು. ಒಂದೇ ಕೋಲ್ಡ್ ರೂಮಿನಲ್ಲಿ ಅಕ್ಕಪಕ್ಕ ವಾರ ಕಳೆದು, ಒಂದೇ ದಿನ ಇಲ್ಲಿಗೆ ಬಂದ ಟ್ರೇಗಳು. "ಅಯ್ಯೋ ಪಾಪ," ಎಂದಳು ಮೆಲ್ಲಗೆ. ಹಾಗೆನ್ನುವಾಗ ತನ್ನ ಬಾಯಿ ನಗುತ್ತಿದ್ದುದು ಬಾಗಿಲಿನ ಗಾಜಿನಲ್ಲಿ ಕಂಡಿತು. ಯಾರಾದರೂ ನೋಡಿದರೇನೋ ಎಂದು ಹಿಂದಿರುಗಿ ನೋಡಿದಳು. ಕಾರಿಡಾರಿನಲ್ಲಿ ನೆಲ ಒರೆಸುವ ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ.

ಕಡ್ಡಿ ಎಂಬುದು ಹೋದ ವರ್ಷ ಈ ಬೀಜ ಪರೀಕ್ಷೆಯ ಲ್ಯಾಬಿಗೆ ಸೇರಿದ ಹುಡುಗಿಗೆ ಬಂದ ಹೆಸರು. ಇಟ್ಟವರು ತನ್ನ ಅಪ್ಪ. ಹುಡುಗಿ ಸಣ್ಣಗಿದ್ದುದಕ್ಕೆ ಮೊದಲ ದಿನವೇ, "ಏನೇ ಕಡ್ಡಿ, ಗಾಳಿ ಬಂದ್ರೆ ಕಿಟಕಿ ಹಾಕ್ಕೋ," ಎಂದು ನಗಾಡಿದ್ದರು. ಅದಕ್ಕೆ ಮುಂಚೆ ಅಪ್ಪ ಯಾರಿಗೂ ಅಡ್ಡಹೆಸರಿಟ್ಟವರಲ್ಲ. ನಲವತ್ತು ದಾಟಿದ ತನ್ನನ್ನು ಅವರು ಇವತ್ತಿಗೂ ಕರೆಯುವುದು 'ಮಗು' ಎಂದು. ಅದನ್ನು ದಾರಿಯಲ್ಲಿ ಸಿಕ್ಕ ಯಾವ ಮಗುವಿಗೂ ಅನ್ನಬಹುದು. ಈ ಲ್ಯಾಬನ್ನು ಕಟ್ಟಿ ನಿಲ್ಲಿಸಿದವರು ಅಪ್ಪ. ನಿವೃತ್ತರಾಗಿ ವರ್ಷಗಳಾದರೂ, ಕಣ್ಣಿಗೆ ಪೊರೆ ಬಂದು ಅರ್ಧ ಜಗತ್ತು ಮಸುಕಾದರೂ, ಕೋಲು ಊರಿಕೊಂಡು ಬರುವುದನ್ನು ಬಿಟ್ಟಿಲ್ಲ. ಎಲ್ಲರೂ ಮೇಷ್ಟ್ರೇ ಎಂದು ಎದ್ದು ನಿಲ್ಲುತ್ತಾರೆ. ಅವಳೂ ಏಳುತ್ತಾಳೆ, ಬೆಳಿಗ್ಗೆ ಅವರ ಕಾಲುಚೀಲ ಹುಡುಕಿ ಕೊಟ್ಟವಳು ತಾನೇ ಆದರೂ.

'ಬೆಚ್ಚಗಿರುವಾಗ ಎಲ್ಲರೂ ಒಳ್ಳೆಯವರೇ' ಎನ್ನುವುದು ಅಪ್ಪನ ಮಾತು. ಒದ್ದೆ ಕಾಗದದಲ್ಲಿ ಸುತ್ತಿ ಬೆಚ್ಚಗಿಟ್ಟರೆ ಮುದಿ ಬೀಜವೂ ಮೊಳೆತು ತೋರಿಸುತ್ತದೆ. ಆದರೆ ಇಲ್ಲಿಯ ರೈತರು ಬಿತ್ತುವುದು ನೆಲದ ಚಳಿ ಇನ್ನೂ ಇಳಿಯದ ದಿನಗಳಲ್ಲಿ. ತಡವಾದರೆ ಬೆಳೆ ಹಿಮಕ್ಕೆ ಸಿಗುತ್ತದೆ. ಆ ತಣ್ಣನೆಯ ನೆಲದಲ್ಲಿ ಯಾವ ಬೀಜ ಮೇಲೆದ್ದೀತು, ಯಾವುದು ಕೊಳೆತೀತು ಎಂದು ಮೊದಲೇ ಹೇಳುವುದಕ್ಕೆ ಈ ಶೀತ ಪರೀಕ್ಷೆ. ಜೋಳ ಬೆಳೆದ ಹೊಲದ ಮಣ್ಣನ್ನೇ ತರಬೇಕು, ಅದರ ರೋಗ ರುಜಿನ ಸಮೇತ. ಬೀಜ ಊರಿ, ಕೊರೆಯುವ ನೀರು ಹಾಕಿ, ಕೋಲ್ಡ್ ರೂಮಿನಲ್ಲಿ ವಾರ ಇಟ್ಟು, ಆಮೇಲೆ ಬೆಚ್ಚಗೆ ಮಾಡಿ ಎದ್ದವನ್ನು ಎಣಿಸಬೇಕು. ಎಲ್ಲಕ್ಕಿಂತ ಮುಖ್ಯ ಆ ಮೊದಲ ನೀರು. ಒಣಗಿದ ಬೀಜ ಮೊದಲ ಗುಟುಕು ಕುಡಿಯುವಾಗಲೇ ಚಳಿ ತಾಗಬೇಕು. ಆ ಕೆಲವು ಗಂಟೆಗಳಲ್ಲೇ ಅದರ ಹಣೆಬರಹ ತೀರ್ಮಾನವಾಗುತ್ತದೆ. ಅದಕ್ಕೇ ನೀರಿನ ಕ್ಯಾನನ್ನು ಹಿಂದಿನ ದಿನವೇ ಕೋಲ್ಡ್ ರೂಮಿನಲ್ಲಿಡುವುದು ಇಲ್ಲಿಯ ರೂಢಿ. ದೊಡ್ಡ ಚೀಲಗಳ ಪರೀಕ್ಷೆಯನ್ನಾದರೆ ಇಬ್ಬರು ಬೇರೆ ಬೇರೆ ಮಾಡಬೇಕು, ಇಬ್ಬರ ಲೆಕ್ಕವೂ ಹೊಂದಬೇಕು. ಈ ಸಲದ ಚೀಲ ಬೆಳೆಗಾರರ ಸಂಘದ್ದು, ಹೋದ ವರ್ಷ ಉಳಿದ ಹಳೆಯ ಬೀಜ. ಬಿತ್ತಬಹುದೋ ಬೇಡವೋ ಹೇಳಿ ಎಂದು ಸಂಘದವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು.

ಅವಳು ಟ್ರೇಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಎಣಿಸತೊಡಗಿದಳು. ಎಣಿಸಬೇಕಾಗಿಯೇ ಇರಲಿಲ್ಲ, ಎದ್ದು ಕಾಣುತ್ತಿತ್ತು. ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು ಎಂದು ಲ್ಯಾಬಿನವರೆಲ್ಲ ತಮಾಷೆಗೆ ಆಡುವ ಗಾದೆ ನೆನಪಾಗಿ ಇವತ್ತು ಅದು ತನಗಾಗಿಯೇ ಹೇಳಿದ್ದು ಅನ್ನಿಸಿತು. ನೋಡಲಿ, ಅಪ್ಪ ಬಂದು ನೋಡಲಿ, ಯಾರಿಗೆ ಕೈಗುಣ ಇದೆ, ಯಾರಿಗೆ ಬರೀ ಬಾಯಿ ಇದೆ. ಎರಡನೆಯ ಸಾಲು ಮುಗಿಸಿ ಮೂರನೆಯದಕ್ಕೆ ಬೆರಳಿಟ್ಟಾಗ ಬೆರಳು ನಿಂತುಬಿಟ್ಟಿತು. ಕ್ಯಾನು. ನೆನಪಾದದ್ದಲ್ಲ, ಅದು ಅಲ್ಲೇ ಇತ್ತು, ಇಷ್ಟು ದಿನವೂ, ನೆಂಟರೆದುರಿಗೆ ಬಾಗಿಲ ಹಿಂದೆ ತಳ್ಳಿದ ಕೊಳೆಬಟ್ಟೆಯ ಹಾಗೆ. ಕೋಲ್ಡ್ ರೂಮಿನ ನೆಲದ ಮೇಲೆ ಎರಡು ಕ್ಯಾನು, ಎರಡಕ್ಕೂ ಅಂಟಿಸಿದ ಚೀಟಿ, ಒಂದರ ಮೇಲೆ ದುಂಡಗಿನ ಅಕ್ಷರದಲ್ಲಿ 'ಅಕ್ಕನಿಗೆ'.

ಬೀಜ ಊರಿದ್ದರ ಹಿಂದಿನ ದಿನ ರಜೆ. ಕಡ್ಡಿ ಎಂದಿನಂತೆ ಮನೆಗೆ ಬಂದಿದ್ದಳು, ಅಪ್ಪನ ಹತ್ತಿರ ಪಾಠಕ್ಕೆ. ಕಿಟಕಿಯ ಬಳಿ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು, ಒದ್ದೆ ಕಾಗದ ಬಿಚ್ಚಿ, ಒಂದೊಂದೇ ಮೊಳಕೆ ಎತ್ತಿ ಇದು ನೆಟ್ಟಗಿನದೋ, ಸೊಟ್ಟದ್ದೋ, ಬದುಕೀತೋ ಇಲ್ಲವೋ ಎಂದು ವಾದ ಮಾಡುವುದು. ಅಪ್ಪ ಹುಡುಗಿಯ ಕೈಯಲ್ಲಿ ಚಿತ್ರ ಬರೆಸುತ್ತಿದ್ದರು, ತಪ್ಪಿದರೆ ಬೈಯುತ್ತಿದ್ದರು. "ಕಣ್ಣೇನು ಹಣೆ ಮೇಲಿದೆಯಾ? ಬೇರು ನೋಡೇ ಅಂದ್ರೆ ಎಲೆ ನೋಡ್ತೀಯಲ್ಲ, ದಡ್ಡಿ!" ಕಡ್ಡಿ ಕಿಸಕ್ಕನೆ ನಗುವಳು, ಮತ್ತೆ ಬರೆಯುವಳು. ಇತ್ತ ಅವಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ, ನಲ್ಲಿಯನ್ನು ಸಣ್ಣಗೆ ಮಾಡಿ, ಮೈಯೆಲ್ಲ ಕಿವಿಯಾಗಿ ನಿಂತಿರುತ್ತಿದ್ದಳು. ತನಗೆ ಅಪ್ಪ ಎಂದೂ ಹೀಗೆ ಕೂರಿಸಿ ಕಲಿಸಲಿಲ್ಲ. ಲ್ಯಾಬಿಗೆ ಸೇರಿದ ಹೊಸದರಲ್ಲಿ ತಾನು ಮಾಡಿದ್ದನ್ನು ಎದುರಿಗಿಟ್ಟರೆ ಒಮ್ಮೆ ಕಣ್ಣಾಡಿಸಿ "ಪರವಾಗಿಲ್ಲ" ಎನ್ನುತ್ತಿದ್ದರು. ಚೆನ್ನಾಗಿ ಮಾಡಿದರೂ ಪರವಾಗಿಲ್ಲ, ಕೆಡಿಸಿದರೂ ಪರವಾಗಿಲ್ಲ. ಆ ಒಂದು ಪದದ ಮೇಲೆ ಇಪ್ಪತ್ತು ವರ್ಷ ನೌಕರಿ ಮಾಡಿದ್ದಾಳೆ. ಹಿತ್ತಲ ಗಿಡ ಮದ್ದಲ್ಲ, ಬಿಡು, ಎಂದು ಸಮಾಧಾನ ಮಾಡಿಕೊಂಡಿದ್ದೂ ಆಗಿದೆ. ಆ ದಿನ ಟೀ ತೆಗೆದುಕೊಂಡು ಹೋದಾಗ ಕಡ್ಡಿ ಬಚ್ಚಲಿಗೆ ಕೈ ತೊಳೆಯಲು ಎದ್ದಿದ್ದಳು. ಅಪ್ಪ ಲೋಟ ಹಿಡಿದು, ಯಾರಿಗೋ ಎಂಬಂತೆ, "ಕಣ್ಣಿದೆ ಆ ಹುಡುಗಿಗೆ," ಎಂದರು. ಅವಳು "ಹೌದಾ," ಎಂದಳು. ಟೀಗೆ ಸಕ್ಕರೆ ಸಾಕೇ ಎಂದು ಕೇಳಿದಳು. ಆ ರಾತ್ರಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ಮಾರನೆಯ ಬೆಳಿಗ್ಗೆ ಆ ಚೀಟಿ. ಅಕ್ಕನಿಗೆ. ತಾನು ಮರೆತಿದ್ದನ್ನು, ಹಿಂದಿನ ಸಂಜೆ ಪಾಠ ಮುಗಿಸಿ ಮನೆಗೆ ಹೋಗುವಾಗ ಹುಡುಗಿ ಲ್ಯಾಬಿಗೆ ಬಂದು ಮಾಡಿಟ್ಟು ಹೋಗಿದ್ದಳು. ಆ ಕ್ಷಣಕ್ಕೆ ಅವಳಿಗೆ ಕ್ಯಾನಿನ ತುಂಬ ಇದ್ದದ್ದು ನೀರಲ್ಲ, ಅಪ್ಪನ ಹೊಗಳಿಕೆ ಅನ್ನಿಸಿತು. ಇವಳು ತುಂಬಿಟ್ಟ ನೀರು ನನಗೆ ಬೇಡ. ಖಾಲಿ ಕೊಡ ಎತ್ತಿಕೊಂಡು ಕಾರಿಡಾರಿನ ನಲ್ಲಿಗೆ ಹೋದಳು. ಆ ನಲ್ಲಿಯ ಕೊಳವೆ ಬಾಯ್ಲರಿನ ಗೋಡೆಗೆ ಅಂಟಿಕೊಂಡು ಬರುತ್ತದೆ, ಚಳಿಗಾಲದಲ್ಲಿ ಎಲ್ಲರೂ ಕೈ ತೊಳೆಯುವುದು ಅಲ್ಲೇ. ನೀರು ಬೆರಳಿಗೆ ಹಿತವಾಗಿತ್ತು. ಹಿತವಾಗಿದೆ ಎಂದು ಬೆರಳಿಗೆ ಗೊತ್ತಾದರೆ ತನಗೂ ಗೊತ್ತಾದಂತೆಯೇ ಅಲ್ಲವೇ? ಅಥವಾ ಆಗ ಗೊತ್ತಿರಲಿಲ್ಲ, ಈಗ ಗೊತ್ತಿತ್ತು ಅನ್ನಿಸುತ್ತಿದೆಯೇ? ಮಣ್ಣಿನ ಮೇಲೆ ನೀರು ಹನಿಸುವಾಗ ಮನಸ್ಸಿನಲ್ಲಿದ್ದದ್ದು ಆ ದುಂಡಗಿನ ಅಕ್ಷರ ಮಾತ್ರ. ಅವಳು ಮೂರನೆಯ ಸಾಲಿನಿಂದ ಬೆರಳು ತೆಗೆದು ಕೋಟಿಗೆ ಒರೆಸಿಕೊಂಡಳು.

ಹೇಳಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಲ್ಯಾಬಿನ ಸಾಹೇಬರು ಬಂದರು. ಅವರ ಹಿಂದೆ ಕಡ್ಡಿ, ಕಡ್ಡಿಯ ತೋಳು ಹಿಡಿದು ಅಪ್ಪ. ತೋಳು ಹಿಡಿದದ್ದನ್ನು ಅವಳು ಮೊದಲು ನೋಡಿದಳು. ಸಾಹೇಬರು ಇಬ್ಬರ ಟ್ರೇಗಳನ್ನೂ ನೋಡಿ ಗಂಟಲು ಸರಿಮಾಡಿಕೊಂಡರು. ಅವರದು ಸದಾ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. "ಇದು ಹೀಗಿದೆ, ಅದು ಹಾಗಿದೆ. ಒಂದರ ಪ್ರಕಾರ ಬಿತ್ತಬಹುದು, ಇನ್ನೊಂದರ ಪ್ರಕಾರ ಬಿತ್ತಬಾರದು. ಹಾಗಂತ ಇದೇ ಸರಿ ಅನ್ನೋಕೂ ಆಗಲ್ಲ. ಏನ್ಮಾಡೋಣ ಮೇಷ್ಟ್ರೇ?"

ಕಡ್ಡಿಯ ಮುಖ ಬಿಳಿಚಿಕೊಂಡಿತ್ತು. ತನ್ನ ಟ್ರೇಯನ್ನೇ ನೋಡುತ್ತಿದ್ದಳು. ಅಪ್ಪ ಕೋಲನ್ನು ಗೋಡೆಗೆ ಆನಿಸಿ, ಕೆಳಗೆ ಕೂರಲಾರದೆ, ಟ್ರೇಗಳನ್ನು ಮೇಜಿನ ಮೇಲೆ ಇಡಿಸಿದರು. ಕಣ್ಣಿಗಿಂತ ಬೆರಳನ್ನೇ ನಂಬುವ ವಯಸ್ಸು. ಮೊದಲು ಕಡ್ಡಿಯ ಟ್ರೇ: ಒಂದು ಮೊಳಕೆ ಕಿತ್ತು, ಮಣ್ಣು ಉದುರಿಸಿ, ಬೇರಿನ ತುದಿಯನ್ನು ಹೆಬ್ಬೆರಳಿನಲ್ಲಿ ಸವರಿದರು. ಆಮೇಲೆ ಅವಳದು. ಒಂದು ಕಿತ್ತರು, ಇನ್ನೊಂದು ಕಿತ್ತರು, ಮೂಗಿನ ಹತ್ತಿರ ತಂದು ಮೂಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಏನೂ ಅನ್ನದಿದ್ದರೂ ಅವಳು ಬೆರಳುಗಳನ್ನು ಕೋಟಿನ ಜೇಬಿನೊಳಗೆ ಬಚ್ಚಿಟ್ಟುಕೊಂಡಳು.

"ಏ ಕಡ್ಡಿ," ಎಂದರು ಅಪ್ಪ, ತಿರುಗದೆಯೇ. "ಏನೇನು ಮಾಡಿದೆ, ಮೊದಲಿಂದ ಹೇಳು. ಒಂದೂ ಬಿಡಬೇಡ."

"ಮಣ್ಣು ಜರಡಿ ಹಿಡಿದೆ ಮೇಷ್ಟ್ರೇ. ಹೊಸ ಮಣ್ಣು ಹಳೇ ಮಣ್ಣು ಸಮಸಮ ಬೆರೆಸಿದೆ. ಬೀಜ ಊರಿದೆ..."

"ಎಷ್ಟು ಆಳ? ಬಾಯಿಬಿಟ್ಟು ಹೇಳೇ, ನುಂಗಬೇಡ!"

"ಬೆರಳಿನ ಮೊದಲ ಗೆಣ್ಣಿನಷ್ಟು. ಮೇಲೆ ಮಣ್ಣು ಮುಚ್ಚಿದೆ. ನೀರು ಹಿಂದಿನ ದಿನಾನೇ ಕೋಲ್ಡ್ ರೂಮಲ್ಲಿ ಇಟ್ಟಿದ್ದೆ. ಅಕ್ಕನಿಗೂ ಸೇರಿಸಿ ಎರಡು ಕ್ಯಾನು."

ಅಪ್ಪನ ಕತ್ತು ಸ್ವಲ್ಪ ವಾಲಿತು, ದೂರದ ಸದ್ದು ಕೇಳಿಸಿಕೊಳ್ಳುವವರಂತೆ. ಅಷ್ಟೇ. ಇನ್ನು ತನ್ನ ಸರದಿ, ಈಗ ಕೇಳುತ್ತಾರೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಅವಳು ಕಾದಳು. ಅಪ್ಪ ಅವಳನ್ನು ಏನೂ ಕೇಳಲಿಲ್ಲ. ಅವಳ ಟ್ರೇಯ ಮೇಲೆ ಅಂಗೈ ಆಡಿಸಿದರು. ಎಳೆಯ ಎಲೆಗಳು ಬಾಗಿ ಎದ್ದವು.

"ಭೇಷ್ ಮಗು," ಎಂದರು. "ಎಂಥಾ ಮೊಳಕೆ!"

ಆ ಪದ ಕಿವಿಗೆ ಬಿದ್ದ ಮೇಲೆ ಅವಳಿಗೆ ರೂಮಿನಲ್ಲಿ ಬೇರೆ ಏನೂ ಕೇಳಿಸಲಿಲ್ಲ. ಭೇಷ್. ಸಾಹೇಬರ ಎದುರಿಗೆ, ಕಡ್ಡಿಯ ಎದುರಿಗೆ. ಹೆಚ್ಚೇನು, ನಾಚಿಕೆಯಾಗುವಷ್ಟು ಸಂತೋಷವಾಯಿತು. ಕಿವಿ ಬಿಸಿಯಾಯಿತು, ಕಣ್ಣು ತುಂಬಿ ಬಂತು. ಸುಳ್ಳು ಮೊಳಕೆ ಎಂದು ಗೊತ್ತಿದ್ದೂ ಸಂತೋಷ ಸುಳ್ಳಾಗಲಿಲ್ಲ. ಸಾಹೇಬರು ಹಾಗಾದರೆ ಸಹಿ ಹಾಕಲೇ ಎಂದಾಗ ಅಪ್ಪ, "ಇವತ್ತು ಬೇಡ. ಎರಡೂ ಹೊಂದ್ತಿಲ್ಲ ನೋಡಿ. ನಾಳೆ ಹಾಕಿ," ಎಂದದ್ದು ಮುದುಕರ ಎಚ್ಚರಿಕೆ ಅಷ್ಟೇ ಎಂದುಕೊಂಡಳು. ನಾಳೆ ಎನ್ನುವುದು ಬಹಳ ದೂರ ಇತ್ತು.

ಮಧ್ಯಾಹ್ನ ತೊಳೆಯುವ ತೊಟ್ಟಿಯ ಬಳಿ ಕಡ್ಡಿ ಸಿಕ್ಕಿದಳು. ಜರಡಿ ಉಜ್ಜುತ್ತಿದ್ದವಳು ತಲೆ ಎತ್ತಲಿಲ್ಲ. "ಅಕ್ಕಾ, ನನ್ನ ಕೈಯಲ್ಲೇ ಏನೋ ದೋಷ ಇರ್ಬೇಕು. ಎಲ್ಲಾ ಸರಿಯಾಗೇ ಮಾಡಿದ್ದೆ ಅನ್ಸತ್ತೆ, ಆದ್ರೂ... ಮೇಷ್ಟ್ರಿಗೆ ನನ್ನಿಂದ ಅವಮಾನ ಆಯ್ತು," ಎಂದಳು. ಮೂಗು ಕೆಂಪಾಗಿತ್ತು. ಈ ಹುಡುಗಿ ಇನ್ನೂ ಸ್ವಲ್ಪ ಅಳಲಿ ಎಂದು ಒಂದು ಕ್ಷಣ ಆಸೆಯಾಯಿತು, ಮರುಕ್ಷಣ ಆ ಆಸೆಗೆ ಅವಳಿಗೇ ಹೇಸಿಗೆಯಾಯಿತು. ಸಂಘದವರ ಮುಖ ನೆನಪಾಯಿತು, ಚೀಲ ಹೊತ್ತು ತಂದು ಬೆವರು ಒರೆಸಿಕೊಂಡವರು. ಈ ಬೀಜ ಅವರ ತಣ್ಣನೆಯ ಹೊಲದಲ್ಲಿ ಕೊಳೆಯುತ್ತದೆ. ಅವರ ಹೊಲಕ್ಕೆ ಬಾಯ್ಲರಿನ ಗೋಡೆ ಇಲ್ಲ. ಬಾಯಿ ತೆರೆದಳು. ಬಂದ ಮಾತು, "ಪರವಾಗಿಲ್ಲ." ಹುಡುಗಿಯ ಬೆನ್ನು ತಟ್ಟಿದಳು ಕೂಡ. ಆ ಬೆನ್ನು ನಿಜಕ್ಕೂ ಕಡ್ಡಿಯಷ್ಟೇ ಇತ್ತು, ಮೂಳೆ ಕೈಗೆ ಸಿಕ್ಕಿತು.

ಸಂಜೆ ಅಪ್ಪನನ್ನು ಕರೆದುಕೊಂಡು ಮನೆಗೆ ಹೊರಟಳು. ಬೀದಿಯಲ್ಲಿ ಅಂಗಡಿಗಳು ದೀಪ ಹಾಕುತ್ತಿದ್ದವು. ಅಪ್ಪ ಇವತ್ತು ಅವಳ ತೋಳು ಹಿಡಿದಿದ್ದರು. ಬಸ್ ನಿಲ್ದಾಣ ದಾಟುವಾಗ, ಚಪ್ಪಲಿ ರಿಪೇರಿಯವನ ಮುಂದೆ, ಪರಿಚಿತರು ಯಾರಾದರೂ ಎದುರಾಗಲಿ ಎಂದು ಅವಳಿಗೆ ಆಸೆ. ಭೇಷ್ ಎಂದರು ಎಂದು ಹೇಳಿಕೊಳ್ಳಬಹುದಿತ್ತು. ಚಿಕ್ಕವಳಿದ್ದಾಗ ಒಮ್ಮೆ ಹೀಗೇ ಅಪ್ಪನ ಕೈ ಹಿಡಿದು ಹೋಗುವಾಗ ಬಿದ್ದು ಮೊಣಕಾಲು ತರಚಿತ್ತು. ಅಪ್ಪ ಬೈಯದೆ ಎತ್ತಿಕೊಂಡರು. ಹಿಂದೆ ಬರುತ್ತಿದ್ದ ಪಕ್ಕದ ಮನೆಯ ಹುಡುಗಿ ಬಿದ್ದಾಗ, "ನೋಡ್ಕೊಂಡು ನಡಿ ಕಣೇ!" ಎಂದು ಗದರಿದ್ದರು. ಗದರಿದ ಮೇಲೆ ಆ ಹುಡುಗಿ ನೋಡಿಕೊಂಡು ನಡೆದಳು, ತಾನು ಮನೆಯವರೆಗೂ ಅಪ್ಪನ ಹೆಗಲ ಮೇಲೆ. ಇದು ಯಾಕೆ ಈಗ ನೆನಪಾಯಿತೋ ತಿಳಿಯಲಿಲ್ಲ.

ಮನೆಯಲ್ಲಿ ಎಂದಿನಂತೆ ಅಪ್ಪನ ಕೈ ತೊಳೆಯಲು ನೀರು ಕಾಯಿಸಿ ಬೋಗುಣಿಯಲ್ಲಿ ತಂದಿಟ್ಟಳು. ಗೆಣ್ಣು ನೋವಿಗೆ ಅವರಿಗೆ ತಣ್ಣೀರು ಆಗುವುದಿಲ್ಲ. ಅಪ್ಪ ಉಗುರಿನ ಸಂದಿಯ ಮಣ್ಣು ಬಿಡಿಸಿಕೊಳ್ಳುತ್ತ ಕೇಳಿದರು.

"ಎಲ್ಲಿಯ ನೀರು ಹಾಕಿದೆ ಮಗು?"

ಅವಳು ಟವೆಲ್ಲು ಹಿಡಿದು ನಿಂತೇ ಇದ್ದಳು. "ನಲ್ಲೀದು."

"ಹ್ಞೂಂ."

"ಗೊತ್ತಿತ್ತಾ ನಿಮಗೆ?"

"ಬೇರು ಹಿಡಿದ ಕೂಡ್ಲೇ ಗೊತ್ತಾಯ್ತು. ಚಳಿ ಕಂಡ ಬೇರಲ್ಲ ಅದು. ಹಳೇ ಬೀಜ, ತುದಿ ಒಂದಾದ್ರೂ ಕಂದಿರಬೇಕಿತ್ತಲ್ಲ."

"ಮತ್ತೆ ಭೇಷ್ ಅಂದ್ರಿ?"

ಅಪ್ಪ ಟವೆಲ್ಲಿಗಾಗಿ ಗಾಳಿಯಲ್ಲಿ ಕೈ ಚಾಚಿದರು. ಅವಳು ಕೊಡಲಿಲ್ಲ. "ಎಲ್ರ ಎದುರಿಗೆ ಇನ್ನೇನು ಹೇಳ್ಲಿ? ನಿನ್ನ ಉಸಿರು ಕೇಳಿಸ್ತಿತ್ತು ನನಗೆ. ನೀನು ತಡ್ಕೋತಿರ್ಲಿಲ್ಲ."

"ಕಡ್ಡೀನ ಎಲ್ರ ಎದುರಿಗೇ ನಿಲ್ಸಿ ಗದರಿಸಿದ್ರಿ. ತಪ್ಪೇ ಮಾಡದೋಳನ್ನ!"

"ಅವಳು ತಡ್ಕೋತಾಳೆ. ಅವಳಿಗೆ ಅಂದ್ರೆ ಒಳಗೆ ಇಳಿಯತ್ತೆ, ಅದಕ್ಕೇ ಅನ್ನೋದು. ನೀನು ಚಿಕ್ಕೋಳಿದ್ದಾಗ ಒಂದು ಮಾತು ಜೋರಾಗಿ ಅಂದ್ರೆ ಎರಡು ದಿನ ಊಟ ಬಿಡ್ತಿದ್ದೆ. ಮಗೂಗೆ ಏನೂ ಅನ್ಬೇಡಿ ಅಂತ ನಿಮ್ಮಮ್ಮ ಆಣೆ ಹಾಕಿಸ್ಕೊಂಡ್ಲು. ಅದೇ ರೂಢಿ ಆಗೋಯ್ತು."

ಅವಳು ನೆಲ ನೋಡಿದಳು. ಇಪ್ಪತ್ತು ವರ್ಷದ ಪರವಾಗಿಲ್ಲ ಎಂಬುದು ಅಪ್ಪನ ಜಿಪುಣತನವಲ್ಲ, ಕರುಣೆ. ಅದು ಜಿಪುಣತನವಾಗಿದ್ದರೇ ಚೆನ್ನಾಗಿತ್ತು. ಜಿಪುಣರ ಹತ್ತಿರ ಎಂದಾದರೂ ಒಂದು ದಿನ ಗಿಟ್ಟಿಸಬಹುದು. ಇವತ್ತಿನ ಭೇಷ್ ಕೂಡ ಆ ಬೋಗುಣಿಯ ನೀರಿನಂತೆ ಕಾಯಿಸಿ ಕೊಟ್ಟದ್ದು, ಕೈ ನೋಯದಿರಲಿ ಎಂದು. ಆ ಹುಡುಗಿಗೆ ಬೈಗುಳ, ತನಗೆ ಭೇಷ್. ಬೈಗುಳ ಸಿಕ್ಕವಳೇ ಗೆದ್ದವಳು. ಬೈಗುಳಕ್ಕೂ ಹೊಟ್ಟೆಕಿಚ್ಚು ಪಡುವವರು ಲೋಕದಲ್ಲಿ ಇದ್ದಾರೆಯೇ ಎಂದು ಅವಳಿಗೆ ನಗು ಬಂತು.

"ಈಗ ಬೈಯಿರಿ," ಎಂದಳು.

"ಏನು?"

"ಬೈಯಿರಿ ಅಪ್ಪ. ಅವಳು ತುಂಬಿಟ್ಟ ನೀರು ಅಂತ ನಾನು ಮುಟ್ಟಲಿಲ್ಲ. ಬೇಕಂತಲೇ ಮುಟ್ಟಲಿಲ್ಲ. ಬಾಯ್ತುಂಬ ಬೈಯಿರಿ."

ಅಪ್ಪ ಮಸುಕು ಕಣ್ಣುಗಳನ್ನು ಅವಳ ದನಿಯ ಕಡೆ ಎತ್ತಿದರು. ಏನೋ ಹೇಳಲು ತುಟಿ ಅಲುಗಿತು. ನಿಜವಾಗಿಯೂ ಅಲುಗಿತು, ಅವಳು ಮೈ ಸೆಟೆದುಕೊಂಡು ಕಾದಳು. "ಹೋಗ್ಲಿ ಬಿಡು ಮಗು," ಎಂದರು. "ನಾಳೆ ಸಾಹೇಬ್ರಿಗೆ ಹೇಳು, ಆಯ್ತು. ಪರವಾಗಿಲ್ಲ." ಆಮೇಲೆ ಒದ್ದೆ ಕೈಯನ್ನು ತಮ್ಮ ಅಂಗಿಗೇ ಒರೆಸಿಕೊಂಡು, ಗೋಡೆ ಹಿಡಿದುಕೊಂಡು, ರೇಡಿಯೋ ಇದ್ದ ಕೋಣೆಗೆ ಹೋದರು.

ಬೋಗುಣಿಯ ನೀರು ಚೆಲ್ಲಿ ಬಂದು ಅವಳು ಫೋನು ತೆಗೆದುಕೊಂಡಳು. ನಾಳೆಯವರೆಗೆ ಕಾದರೆ ಧೈರ್ಯ ಉಳಿಯುವುದಿಲ್ಲ ಎಂದು ತನ್ನನ್ನು ತಾನು ಬಲ್ಲಳು. ಕಡ್ಡಿ ಒಂದೇ ರಿಂಗಿಗೆ ಎತ್ತಿದಳು.

"ನಿನ್ನ ಟ್ರೇನೇ ಸರಿ ಕಣೆ," ಎಂದಳು ಅವಳು, ಪೀಠಿಕೆ ಇಲ್ಲದೆ. "ಆ ಬೀಜ ಬಿತ್ತೋಕೆ ಲಾಯಕ್ಕಿಲ್ಲ. ನಾಳೆ ಸಾಹೇಬ್ರಿಗೆ ನಾನೇ ಹೇಳ್ತೀನಿ. ನೀನಿಟ್ಟ ನೀರು ನಾನು ಹಾಕ್ಲಿಲ್ಲ. ನಲ್ಲಿಯಿಂದ ಹಿಡ್ಕೊಂಡೆ."

"ಯಾಕಕ್ಕಾ? ಕ್ಯಾನು ಸೋರ್ತಿತ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಹುಡುಗಿ ತನಗರಿವಿಲ್ಲದೆ ಬಾಗಿಲು ತೆರೆದು ಹಿಡಿದಿದ್ದಳು. "ಇಲ್ಲ," ಎಂದಳು. "ನೀನು ತುಂಬಿದ್ದು ಅಂತ."

ಆ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು. ಅರ್ಥವಾಯಿತೋ ಇಲ್ಲವೋ, ಆಗಿರಬೇಕು, ಕಣ್ಣಿದೆ ಆ ಹುಡುಗಿಗೆ. ಆಮೇಲೆ ಕಡ್ಡಿ ತಗ್ಗಿದ ದನಿಯಲ್ಲಿ ಕೇಳಿದಳು.

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತು."

"ಅಯ್ಯೋ. ಬೈದ್ರಾ?"

ಅವಳು ಬಾಗಿಲ ಕಡೆ ನೋಡಿದಳು. ಅಪ್ಪ ರೇಡಿಯೋಗೆ ಕಿವಿ ಆನಿಸಿ, ಸ್ಟೇಷನ್ನು ಸಿಗದೆ, ಗುಂಡಿ ತಿರುಗಿಸುತ್ತಿದ್ದರು.

"ಬೈದ್ರು," ಎಂದಳು.

"ಬೈದ್ರು ಅಂದ್ರೆ... ಕಣ್ಣು ಹಣೆ ಮೇಲಿದೆಯಾ ಅಂದ್ರಾ?"

"ಅದೆಲ್ಲಾ ಏನೂ ಅಲ್ಲ. ನಿಂತ್ಕೊಳ್ಳೋಕೆ ಆಗ್ಲಿಲ್ಲ, ಹಾಗೆ ಬೈದ್ರು. ನಿನಗೆ ಯಾವತ್ತೂ ಅಷ್ಟು ಬೈದಿಲ್ಲ ಬಿಡು."

"ಹೌದಾ," ಎಂದಳು ಕಡ್ಡಿ.

ಸಣ್ಣಗೆ, ತುದಿಯಲ್ಲಿ ಸ್ವಲ್ಪ ಒಣಗಿದ ಒಂದು ಹೌದಾ. ಅಡುಗೆಮನೆಯಲ್ಲಿ, ಟೀ ಲೋಟದ ಮೇಲೆ, ಒಂದು ವರ್ಷದಿಂದ ತಾನು ಅನ್ನುತ್ತ ಬಂದದ್ದೂ ಅದೇ ಹೌದಾ. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಏನಂದೆ?" ಎಂದಳು, ಸರಿಯಾಗಿ ಕೇಳಿಸಿದ್ದರೂ.